ಬಿಸಿಲಿನಿಂದ ಸಿಹಿನೀರು: ಕಡಲತೀರಕ್ಕೆ ಯಾವುದು, ಚಳ್ಳಕೆರೆಯ ಹಟ್ಟಿಗೆ ಯಾವುದು?

ಸಮುದ್ರದ ನೀರನ್ನು ಬರಿಯ ಬಿಸಿಲಿನಿಂದ ಸಿಹಿಯಾಗಿಸುವ ಯಂತ್ರದ ವಿಡಿಯೊವೊಂದನ್ನು ಮೊಬೈಲಿನಲ್ಲಿ ತೋರಿಸಿ, ‘ಇದನ್ನೇ ನಮ್ಮ ಬೋರಿಗೆ ಹಾಕಿಸಿದರೆ ಆಗುವುದಿಲ್ಲವೇ?’ ಎಂದು ಕೇಳುವವರು ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಪ್ರತಿ ಬೇಸಿಗೆಯಲ್ಲಿಯೂ ಸಿಗುತ್ತಾರೆ. ಈ ವರ್ಷ ಅದೇ ಪ್ರಶ್ನೆ ಇನ್ನೊಂದು ದಿಕ್ಕಿನಿಂದಲೂ ಬಂದಿತು. ನಮ್ಮ ಕಡೆಯ ಹುಡುಗನೊಬ್ಬ ಕರಾವಳಿಯ ಮೀನುಗಾರರ ಕೇರಿಯಲ್ಲಿ ಕೆಲಸಕ್ಕಿದ್ದಾನೆ. ಏಪ್ರಿಲ್ ಬಂತೆಂದರೆ ಅಲ್ಲಿನ ಬಾವಿಗಳಿಗೆ ಉಪ್ಪು ನುಗ್ಗುತ್ತದೆ, ಮೂರು ಬಗೆಯ ಘಟಕಗಳ ದರಪಟ್ಟಿ ಮುಂದಿವೆ, ಯಾವುದನ್ನು ಆರಿಸಲಿ ಎಂದು ಅವನು ಬರೆದಿದ್ದ. ಸೌರ ಪಂಪು ಮತ್ತು ಶುದ್ಧ ನೀರಿನ ಘಟಕಗಳ ಕೆಲಸದಲ್ಲಿಯೇ ಹಲವು ವರ್ಷ ಕಳೆದಿರುವ ನನಗೆ ಈ ಎರಡು ಪ್ರಶ್ನೆಗಳು ಮೇಲುನೋಟಕ್ಕೆ ಒಂದೇ ಎನ್ನಿಸಿದರೂ, ಲೆಕ್ಕಕ್ಕೆ ಕುಳಿತಾಗ ಉತ್ತರಗಳು ಬಹುಮಟ್ಟಿಗೆ ಬೇರೆಯಾದವು. ಎಲ್ಲಿ ಬೇರೆಯಾದವು, ಏಕೆ ಬೇರೆಯಾದವು ಎಂಬುದನ್ನು ವಿವರಿಸಿದರೆ ಇಬ್ಬರಿಗೂ ಆಯ್ಕೆ ಸುಲಭವಾದೀತು.

ಯಂತ್ರಕ್ಕೆ ಮೊದಲು ಅಳತೆ

ಮೊದಲ ಅಳತೆ ಉಪ್ಪಿನದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಲವಣ ಕರಗಿರುತ್ತದೆ. ನಮ್ಮ ಸವಳು ಬೋರುಗಳಲ್ಲಿ ಸಾಮಾನ್ಯವಾಗಿ 1,500ರಿಂದ 3,000 ಮಿಲಿಗ್ರಾಂ ಕಾಣುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 500 ಮಿಲಿಗ್ರಾಂ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಎಂದು ಹೇಳುತ್ತದೆ. ಬೇರೆ ಜಲಮೂಲವೇ ಇಲ್ಲದಿದ್ದರೆ 2,000ದವರೆಗೆ ಸಡಿಲಿಸುತ್ತದೆ. ಅಂದರೆ ಕಡಲತೀರದವರು ಉಪ್ಪನ್ನು ಎಪ್ಪತ್ತನೆಯ ಒಂದು ಪಾಲಿಗೆ ಇಳಿಸಬೇಕು, ನಾವು ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಸಿದರೆ ಸಾಕು. ಆದರೆ ನಮಗೆ ಬೇರೊಂದು ತೊಡಕಿದೆ. ನಮ್ಮ ಗ್ರಾನೈಟ್ ಮತ್ತು ನೈಸ್ ಬಂಡೆಗಳಿಂದ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಈ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಬೆನ್ನು, ಮಂಡಿ ಬಗ್ಗದಂತಾಗುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆ. ಜೇಬಿನಲ್ಲಿಟ್ಟುಕೊಂಡು ತಿರುಗುವ ಟಿಡಿಎಸ್ ಮೀಟರು ಫ್ಲೋರೈಡನ್ನು ತೋರಿಸುವುದಿಲ್ಲ. ಹಿಂದೊಮ್ಮೆ ಒಂದು ಹಟ್ಟಿಯಲ್ಲಿ ನೀರುಗಂಟಿ ಲೋಟಕ್ಕೆ ಮೀಟರು ಅದ್ದಿ, ‘ನಾನೂರ ಎಂಬತ್ತು ಐತಿ ಸಾರ್, ಕಂಪನಿ ನೀರು ಇದ್ದಂಗೈತಿ’ ಎಂದು ಹೆಮ್ಮೆಯಿಂದ ತೋರಿಸಿದ. ಅದೇ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ ಫ್ಲೋರೈಡ್ 2.1 ಬಂದಿತು. ಆದ್ದರಿಂದ ಯಾವ ಘಟಕದ ಮಾತಾಡುವುದಕ್ಕೂ ಮೊದಲು ಟಿಡಿಎಸ್, ಫ್ಲೋರೈಡ್, ನೈಟ್ರೇಟ್ ಮತ್ತು ಗಡಸುತನ ಈ ನಾಲ್ಕರ ಪರೀಕ್ಷಾ ವರದಿ ಕೈಯಲ್ಲಿರಬೇಕು.

ಎರಡನೆಯ ಅಳತೆ ಬೇಡಿಕೆಯದು. ಸ್ನಾನಕ್ಕೆ, ಬಟ್ಟೆಗೆ, ದನಕರುಗಳಿಗೆ ಸಿಹಿನೀರು ಮಾಡಲು ಹೊರಟರೆ ಯಾವ ಲೆಕ್ಕವೂ ಕೂಡುವುದಿಲ್ಲ. ಕುಡಿಯಲು ಮತ್ತು ಅಡುಗೆಗೆ ತಲೆಗೆ 5 ಲೀಟರ್ ಎಂದಿಟ್ಟುಕೊಂಡರೆ, ಇನ್ನೂರು ಮನೆಗಳ, ಸಾವಿರ ಜನರ ಊರಿಗೆ ದಿನಕ್ಕೆ 5,000 ಲೀಟರ್ ಬೇಕು. ಮುಂದಿನ ಲೆಕ್ಕಗಳಲ್ಲೆಲ್ಲ ಈ ಊರನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಮೂರನೆಯದು ನೀರನ್ನು ಮೇಲೆತ್ತುವ ಖರ್ಚು. ಕಡಲತೀರದಲ್ಲಿ ನೀರು ಕಾಲಬುಡದಲ್ಲಿರುತ್ತದೆ. ನಮ್ಮಲ್ಲಿ ಆರುನೂರು, ಏಳುನೂರು ಅಡಿಯಿಂದ ಎತ್ತಬೇಕು. 200 ಮೀಟರ್ ಆಳದಿಂದ ಸಾವಿರ ಲೀಟರ್ ನೀರನ್ನು ಎತ್ತಲು, ಪಂಪಿನ ಸೋರಿಕೆ ಸವೆತಗಳನ್ನೆಲ್ಲ ಸೇರಿಸಿದರೆ, ಹತ್ತಿರ ಹತ್ತಿರ 1.2 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಉಪ್ಪು ತೆಗೆಯುವ ಯಂತ್ರದ ದರಪಟ್ಟಿಯಲ್ಲಿ ಈ ಸಾಲು ಎಂದೂ ಇರುವುದಿಲ್ಲ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು: ಉಪ್ಪು ತೆಗೆದ ಮೇಲೆ ಉಳಿಯುವ ಉಪ್ಪು ನೀರು ಎಲ್ಲಿಗೆ ಹೋಗುತ್ತದೆ? ಯಾವ ಯಂತ್ರವೂ ಉಪ್ಪನ್ನು ಇಲ್ಲವಾಗಿಸುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಗಟ್ಟಿಮಾಡುತ್ತದೆ, ಅಷ್ಟೇ. ಕಡಲತೀರದಲ್ಲಿ ಅದನ್ನು ಅಲೆಗಳ ಸೆಳೆತ ಚೆನ್ನಾಗಿರುವ ಜಾಗದಲ್ಲಿ ಹಿಂದಕ್ಕೆ ಬಿಡಬಹುದು. ಚಿತ್ರದುರ್ಗದಲ್ಲಿ ಸಮುದ್ರವಿಲ್ಲ.

ಐದನೆಯದು, ಮೂರನೆಯ ವರ್ಷದಲ್ಲಿ ಘಟಕವನ್ನು ನೋಡಿಕೊಳ್ಳುವವರು ಯಾರು ಎಂಬುದು. ಉದ್ಘಾಟನೆಯ ದಿನ ಎಲ್ಲ ಯಂತ್ರಗಳೂ ನೀರು ಕೊಡುತ್ತವೆ.

ಗಾಜಿನ ಸೌರ ಬಟ್ಟಿ

ಕಪ್ಪು ಬಳಿದ ತಳದ ತೊಟ್ಟಿಯಲ್ಲಿ ನಾಲ್ಕಾರು ಬೆರಳಿನಷ್ಟು ನೀರು ನಿಲ್ಲಿಸಿ, ಮೇಲೆ ಇಳಿಜಾರಾಗಿ ಗಾಜು ಮುಚ್ಚಿದರೆ, ಬಿಸಿಲಿಗೆ ಆವಿಯಾದ ನೀರು ಗಾಜಿನ ಒಳಮೈಯಲ್ಲಿ ಹನಿಗಟ್ಟಿ ಅಂಚಿನ ಕಾಲುವೆಗೆ ಜಾರುತ್ತದೆ. ಉಪ್ಪು, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಕೆಳಗೇ ಉಳಿಯುತ್ತವೆ. ಸಮುದ್ರದ ನೀರಾದರೂ ಬೋರಿನ ನೀರಾದರೂ ಅದಕ್ಕೆ ಒಂದೇ. ಪಂಪಿಲ್ಲ, ಪೊರೆಯಿಲ್ಲ, ಸದ್ದಿಲ್ಲ. ಚಿಲಿ ದೇಶದ ಲಾಸ್ ಸಲೀನಾಸ್ ಎಂಬಲ್ಲಿ 1872ರಲ್ಲಿಯೇ ಸುಮಾರು 4,700 ಚದರ ಮೀಟರ್ ಗಾಜಿನ ಬಟ್ಟಿ ಕಟ್ಟಿ, ಗಣಿ ಪ್ರದೇಶಕ್ಕೆ ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಪಡೆದಿದ್ದರು. ನಮ್ಮ ದೇಶದಲ್ಲಿ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು ಗುಜರಾತಿನ ಅವನಿಯಾ ಗ್ರಾಮದಲ್ಲಿ 1978ರಲ್ಲಿ ದಿನಕ್ಕೆ 5,000 ಲೀಟರಿನ ಇಂತಹದೇ ಬಟ್ಟಿಯನ್ನು ಕಟ್ಟಿತು. ಹಾಗಾಗಿ ಇದನ್ನು ಹೊಸ ಸಂಶೋಧನೆಯೆಂದು ಮಾರುವವರಿಂದ ಸ್ವಲ್ಪ ದೂರವಿರುವುದು ಒಳ್ಳೆಯದು.

ಇದರ ಮಿತಿಯಿರುವುದು ಯಂತ್ರದಲ್ಲಲ್ಲ, ನೀರಿನ ಸ್ವಭಾವದಲ್ಲಿಯೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.65 ಯೂನಿಟ್ ಶಾಖ ಬೇಕು (ಯೂನಿಟ್ ಎಂದರೆ ಕರೆಂಟು ಬಿಲ್ಲಿನ ಅದೇ ಕಿಲೋವ್ಯಾಟ್-ಗಂಟೆ; ಶಾಖವನ್ನೂ ಬಿಸಿಲನ್ನೂ ಅದರಲ್ಲಿಯೇ ಅಳೆದಿದ್ದೇನೆ). ನಮ್ಮ ಬಯಲುಸೀಮೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಬೀಳುವ ಬಿಸಿಲು ಸರಾಸರಿ ಐದೂವರೆ ಯೂನಿಟ್ ಆಸುಪಾಸು. ಒಂದಿಷ್ಟೂ ನಷ್ಟವಿಲ್ಲದೆ ಬಳಸಿದರೂ ಎಂಟೂವರೆ ಲೀಟರ್ ಮೀರುವುದಿಲ್ಲ. ನಿಜದಲ್ಲಿ ಸಿಗುವುದು 2ರಿಂದ 4 ಲೀಟರ್. ನಮ್ಮ ಮಾದರಿ ಊರಿನ 5,000 ಲೀಟರಿಗೆ, ಚದರ ಮೀಟರಿಗೆ 3 ಲೀಟರಿನಂತೆ, 1,700 ಚದರ ಮೀಟರ್ ಗಾಜು ಬೇಕು. ಅಂದರೆ ಹದಿನೇಳು ಗುಂಟೆ ಬರಿ ಗಾಜೇ, ನಡುವೆ ಓಡಾಡುವ ದಾರಿ ಬೇರೆ. ಆಲಿಕಲ್ಲು, ಮಕ್ಕಳ ಚೆಂಡು, ಗಾಜಿನ ಮೇಲೆ ಕುಣಿಯುವ ಮಂಗಗಳು, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಊರಿಗೆ ಇದು ಹೊಂದುವುದಿಲ್ಲ.

ಆದರೆ ಕರೆಂಟು ಸುಳಿಯದ ಹೊಲದ ಮನೆಗೆ, ಐದಾರು ಮನೆಗಳ ರೊಪ್ಪಕ್ಕೆ, ನೌಕೆ ಕಟ್ಟುವ ಕಡಲ ಕುದುರುಗಳಲ್ಲಿರುವ ಒಂದೆರಡು ಕುಟುಂಬಗಳಿಗೆ ಬಟ್ಟಿಯೇ ಸರಿ. ಊರಿನ ಗಾರೆ ಕೆಲಸದವರು ಮತ್ತು ಗಾಜಿನ ಅಂಗಡಿಯವರು ಸೇರಿ ಕಟ್ಟಬಲ್ಲರು; ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಗಾಜು ದಕ್ಷಿಣಕ್ಕೆ ಮುಖ ಮಾಡಿರಲಿ, ಧೂಳನ್ನು ಎರಡು ದಿನಕ್ಕೊಮ್ಮೆ ಒರೆಸಲಿ, ಕುಡಿಯಲು ಸಿಗುವುದಕ್ಕಿಂತ ಹೆಚ್ಚು ನೀರನ್ನು ತೊಟ್ಟಿಗೆ ಹರಿಸಿ ತಳದ ಉಪ್ಪನ್ನು ತೊಳೆಯುತ್ತಿರಲಿ. ಈ ಕೊನೆಯದನ್ನು ಮರೆತರೆ ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವಂತಹ ಬಿಳಿ ಹಕ್ಕಳೆ ಕಪ್ಪು ತಳವನ್ನೆಲ್ಲ ಮುಚ್ಚಿ, ಒಂದೇ ಬೇಸಿಗೆಯಲ್ಲಿ ಇಳುವರಿ ಕುಸಿಯುತ್ತದೆ.

ಸೌರ ಪ್ಯಾನೆಲ್ ಮತ್ತು ಆರ್‌ಒ

ನೀರನ್ನು ಆವಿ ಮಾಡದೆ, ಒತ್ತಡ ಹಾಕಿ, ಉಪ್ಪನ್ನು ತಡೆಯುವ ತೆಳು ಪೊರೆಯ ಮೂಲಕ ತಳ್ಳಿದರೆ ಶಕ್ತಿಯ ಲೆಕ್ಕವೇ ಬದಲಾಗುತ್ತದೆ. ಈ ವಿಧಾನವೇ ಆರ್‌ಒ (ರಿವರ್ಸ್ ಆಸ್ಮೋಸಿಸ್). ಸಾವಿರ ಲೀಟರ್ ಸಮುದ್ರದ ನೀರನ್ನು ಬಟ್ಟಿ ಇಳಿಸಲು 650 ಯೂನಿಟ್ ಶಾಖ ಬೇಕಾದರೆ, ಆರ್‌ಒ ದೊಡ್ಡ ಘಟಕದಲ್ಲಿ 3ರಿಂದ 4 ಯೂನಿಟ್ ವಿದ್ಯುತ್ತಿನಲ್ಲಿ ಅದೇ ಕೆಲಸ ಮುಗಿಸುತ್ತದೆ. ಸಣ್ಣ ಘಟಕ, ಒತ್ತಡವನ್ನು ಮರುಬಳಸುವ ಸಾಧನವಿಲ್ಲದ್ದು, ಎಂದರೂ 8 ಯೂನಿಟ್ ಆಸುಪಾಸು. ಒಂದು ಚದರ ಮೀಟರ್ ಗಾಜು ದಿನಕ್ಕೆ 3 ಲೀಟರ್ ಕೊಡುವ ಜಾಗದಲ್ಲಿ ಒಂದು ಚದರ ಮೀಟರ್ ಸೌರ ಪ್ಯಾನೆಲ್ ಸಮುದ್ರದ ನೀರಿನಿಂದಲೇ 100 ಲೀಟರ್ ಕೊಡಬಲ್ಲದು. ಐವತ್ತು ಮನೆಗಿಂತ ದೊಡ್ಡ ಊರಿನ ಮಟ್ಟಿಗೆ ಬಟ್ಟಿಯೋ ಆರ್‌ಒನೋ ಎಂಬ ಚರ್ಚೆಯನ್ನು ನಾನು ಇಲ್ಲಿಗೇ ಮುಗಿಸುತ್ತೇನೆ.

ಆದರೆ ಸಮುದ್ರದ ಆರ್‌ಒ ಬೇರೆ, ಬೋರಿನ ಆರ್‌ಒ ಬೇರೆ. ಸಮುದ್ರದ ನೀರಿನ ಉಪ್ಪು ತನ್ನ ನೀರನ್ನು ಸುಮಾರು 27 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಬಲದಿಂದ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಮೀರಿಸಲು ಪಂಪು 55ರಿಂದ 65 ಬಾರ್ ಒತ್ತಡ ಹುಟ್ಟಿಸಬೇಕು. ಬೋರಿನ ಸವಳು ನೀರಿಗೆ 8ರಿಂದ 15 ಬಾರ್ ಸಾಕು. ಆದ್ದರಿಂದ ಕಡಲತೀರದ ಘಟಕಕ್ಕೆ ತುಕ್ಕು ಹಿಡಿಯದ ದುಬಾರಿ ಉಕ್ಕಿನ ಪಂಪು, ದಪ್ಪ ಕೊಳವೆಗಳು, ಒತ್ತಡ ಮರುಬಳಕೆಯ ಸಾಧನ ಎಲ್ಲವೂ ಬೇಕು. ಇದರ ಜೊತೆಗೆ ಪಾಚಿ ಮತ್ತು ಸೂಕ್ಷ್ಮಜೀವಿಗಳು ಪೊರೆಯ ಮೇಲೆ ಲೋಳೆ ಕಟ್ಟುತ್ತವೆ. ಸಮುದ್ರಕ್ಕೆ ನೇರವಾಗಿ ಪೈಪು ಇಳಿಸುವ ಬದಲು ದಡದ ಮರಳಿನಲ್ಲಿ ಬಾವಿ ತೋಡಿ ನೀರೆತ್ತಿದರೆ ಮರಳೇ ಅರ್ಧ ಕೆಲಸ ಮಾಡುತ್ತದೆ. ಕರಾವಳಿಯ ಹುಡುಗನ ಮುಂದಿದ್ದ ಮೂರು ದರಪಟ್ಟಿಗಳಲ್ಲಿ ಅತಿ ಅಗ್ಗದ್ದು ಬೋರಿನ ನೀರಿಗೆಂದು ಮಾಡಿದ ಪೊರೆಯದಾಗಿತ್ತು. ಬೇಸಿಗೆಯ ಕೊನೆಯಲ್ಲಿ ಬಾವಿಯ ಉಪ್ಪು ಏರಿದಾಗ ಅದು ಹನಿ ನೀರನ್ನೂ ಕೊಡುತ್ತಿರಲಿಲ್ಲ.

ಈಗ ಎರಡೂ ಊರುಗಳ ಲೆಕ್ಕವನ್ನು ಪಕ್ಕಪಕ್ಕ ಇಡೋಣ. ಕಡಲತೀರದಲ್ಲಿ 5,000 ಲೀಟರಿಗೆ ಸಾವಿರಕ್ಕೆ 4ರಿಂದ 8 ಯೂನಿಟ್ ಹಿಡಿದರೆ ದಿನಕ್ಕೆ 20ರಿಂದ 40 ಯೂನಿಟ್. ಚಳ್ಳಕೆರೆಯ ಕಡೆ ಶುದ್ಧೀಕರಣಕ್ಕೆ ಸಾವಿರಕ್ಕೆ ಒಂದೂವರೆ ಯೂನಿಟ್ ಹಿಡಿದರೆ ಏಳೂವರೆ ಯೂನಿಟ್. ಆದರೆ ನಮ್ಮ ಘಟಕಗಳು ಒಳಗೆ ಬಂದ ನೀರಿನ ಅರ್ಧವನ್ನಷ್ಟೇ ಸಿಹಿ ಮಾಡಿ ಇನ್ನರ್ಧವನ್ನು ಹೊರಗೆ ಬಿಡುವುದು ಸಾಮಾನ್ಯ. ಹಾಗಾಗಿ 10,000 ಲೀಟರ್ ಎತ್ತಬೇಕು, ಅದಕ್ಕೆ 12 ಯೂನಿಟ್. ಒಟ್ಟು ಹತ್ತಿರ ಹತ್ತಿರ 20 ಯೂನಿಟ್. ಸಮುದ್ರಕ್ಕಿಂತ ಹದಿನೈದು ಪಾಲು ಕಡಿಮೆ ಉಪ್ಪಿದ್ದರೂ, ಆಳದಿಂದಾಗಿ ಮತ್ತು ಪೋಲಿನಿಂದಾಗಿ, ನಮ್ಮ ಖರ್ಚು ಕಡಲತೀರದ ಒಳ್ಳೆಯ ಘಟಕದಷ್ಟೇ ಆಗಿಬಿಟ್ಟಿತು. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆಂದರೆ ಇಲ್ಲಿ 5 ಕಿಲೋವ್ಯಾಟ್, ಅಲ್ಲಿ 5ರಿಂದ 10 ಕಿಲೋವ್ಯಾಟ್ ಬೇಕಾಗುತ್ತದೆ.

ಉಳಿಕೆ ನೀರಿನ ವಿಷಯಕ್ಕೆ ಬರೋಣ. ಲೀಟರಿಗೆ 2,000 ಟಿಡಿಎಸ್, 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನ ಅರ್ಧವನ್ನು ಸಿಹಿ ಮಾಡಿದರೆ ಇನ್ನರ್ಧದಲ್ಲಿ ಹೆಚ್ಚುಕಡಿಮೆ 4,000 ಟಿಡಿಎಸ್, 6 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ದಿನಕ್ಕೆ 5,000 ಲೀಟರಿನಂತೆ ವರ್ಷಕ್ಕೆ 18 ಲಕ್ಷ ಲೀಟರ್. ನಾನೇ ಮುಂದೆ ನಿಂತು ಹಾಕಿಸಿದ ಒಂದು ಘಟಕದಲ್ಲಿ ಈ ನೀರನ್ನು ಹಿಂದಿನ ಗುಂಡಿಗೆ ಬಿಟ್ಟೆವು. ‘ಇಂಗಿದರೆ ಅಂತರ್ಜಲ ಹೆಚ್ಚುತ್ತದೆ’ ಎಂಬ ಮಾತನ್ನು ಆಗ ನಾನೂ ನಂಬಿದ್ದೆ. ಗುಂಡಿಗೂ ಬೋರಿಗೂ ಎಪ್ಪತ್ತು ಅಡಿ ಅಂತರ. ಎರಡನೆಯ ವರ್ಷ ಗುಂಡಿಯ ದಂಡೆಯ ಹೊಂಗೆಯ ಎಲೆಗಳ ಅಂಚು ಸುಟ್ಟಂತಾದವು, ಮಣ್ಣಿನ ಮೇಲೆ ಸುಣ್ಣ ಎರಚಿದಂತೆ ಬಿಳಿ ಕಟ್ಟಿತು, ಬೋರಿನ ಟಿಡಿಎಸ್ ತಿಂಗಳು ತಿಂಗಳೂ ಏರತೊಡಗಿತು. ನಾವು ತೆಗೆದ ಉಪ್ಪನ್ನೇ ಮತ್ತೆ ಎತ್ತಿ ಮತ್ತೆ ತೆಗೆಯುತ್ತಿದ್ದೆವು. ಅಂದಿನಿಂದ ನೆಲಕ್ಕೆ ಇಂಗಿಸುವ ಯಾವ ನಕ್ಷೆಗೂ ನಾನು ಸಹಿ ಹಾಕಿಲ್ಲ. ಶೌಚಾಲಯಕ್ಕೆ, ಪಾತ್ರೆ ತೊಳೆಯಲು, ಕಟ್ಟಡ ತೊಳೆಯಲು ಎಷ್ಟು ಬಳಸಬಹುದೋ ಅಷ್ಟು ಬಳಸಿ, ಮಿಕ್ಕದ್ದನ್ನು ತಳಕ್ಕೆ ಹಾಳೆ ಹಾಸಿದ ಕಟ್ಟೆಯಲ್ಲಿ ಆವಿಯಾಗಿಸಬೇಕು. ಮಳೆ ಕಳೆದು ವರ್ಷಕ್ಕೆ ಒಂದು ಮೀಟರ್ ಆವಿಯಾಗುತ್ತದೆಂದು ಹಿಡಿದರೆ, ಪೂರ್ತಿ ನೀರಿಗೆ ಹದಿನೆಂಟು ಗುಂಟೆ ಕಟ್ಟೆ ಬೇಕಾಗುತ್ತದೆ. ಈ ಜಾಗದ ಮತ್ತು ಹಾಳೆಯ ಖರ್ಚನ್ನು ಸೇರಿಸದ ಯಾವ ಅಂದಾಜುಪಟ್ಟಿಯೂ ಪೂರ್ಣವಲ್ಲ.

ಬ್ಯಾಟರಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕಿಂತ ನೀರನ್ನು ಟ್ಯಾಂಕಿನಲ್ಲಿ ಕೂಡಿಡುವುದು ಅಗ್ಗ. ಹಗಲು ಆರು ಗಂಟೆ ಘಟಕ ಓಡಲಿ, ಮೂರು ದಿನಕ್ಕಾಗುವಷ್ಟು ಟ್ಯಾಂಕು ಇರಲಿ. ಸೀಸದ ಬ್ಯಾಟರಿಗಳನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಾಯಿಸುವ ತಲೆನೋವು ತಪ್ಪುತ್ತದೆ. ಸಂಜೆ ಘಟಕ ನಿಲ್ಲಿಸುವಾಗ ಪೊರೆಯನ್ನು ಸಿಹಿನೀರಿನಿಂದ ತೊಳೆಯುವ ವ್ಯವಸ್ಥೆ ಮಾತ್ರ ಇರಲೇಬೇಕು. ಇನ್ನು, ಊರಿಗೆ ಬೆಸ್ಕಾಂ ಸಂಪರ್ಕ ಸರಿಯಾಗಿದ್ದರೆ ಘಟಕವನ್ನು ಅದರ ಮೇಲೆಯೇ ಓಡಿಸಿ, ಛಾವಣಿಯ ಪ್ಯಾನೆಲ್ಲಿನ ವಿದ್ಯುತ್ತನ್ನು ನೆಟ್ ಮೀಟರಿಂಗ್‌ನಲ್ಲಿ ಗ್ರಿಡ್ಡಿಗೆ ಕೊಡುವುದು ಸರಳವಾದ ದಾರಿ. ಆಷಾಢದ ಮೋಡದಲ್ಲಿ ನಮ್ಮಲ್ಲಿ ವಾರಗಟ್ಟಲೆ ಬಿಸಿಲು ಮಂಕಾಗಿರುವುದನ್ನು ಮರೆಯಬಾರದು.

ಎಲೆಕ್ಟ್ರೋಡಯಾಲಿಸಿಸ್: ಒಳನಾಡಿನವರು ಕೇಳಬೇಕಾದ ಹೆಸರು

ಆರ್‌ಒನಲ್ಲಿ ನೀರನ್ನು ಉಪ್ಪಿನಿಂದ ಹೊರಗೆ ತಳ್ಳುತ್ತೇವೆ. ಇಲ್ಲಿ ವಿದ್ಯುತ್ ಕ್ಷೇತ್ರದ ಬಲದಿಂದ ಉಪ್ಪನ್ನು ನೀರಿನಿಂದ ಹೊರಗೆ ಸೆಳೆಯುತ್ತೇವೆ. ಉಪ್ಪು ಕಡಿಮೆಯಿದ್ದಷ್ಟೂ ಖರ್ಚು ಕಡಿಮೆ. ಆದ್ದರಿಂದಲೇ ಸಮುದ್ರದ ನೀರಿಗೆ ಇದು ದುಬಾರಿ, ಬೋರಿನ ನೀರಿಗೆ ಅಗ್ಗ. ಅಮೆರಿಕದ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಒಳನಾಡಿನ ಊರಿನಲ್ಲಿ, ಕುಡಿಯುವ ನೀರು ರೈಲಿನಲ್ಲಿ ಬರುತ್ತಿದ್ದ ಕಾಲದಲ್ಲಿ, 1950ರ ದಶಕದ ಕೊನೆಗೆ ಮೊದಲು ಹಾಕಿದ್ದು ಈ ಯಂತ್ರವನ್ನೇ. ಆರ್‌ಒ ಅಲ್ಲಿಗೆ ಬಂದದ್ದು 1965ರಲ್ಲಿ. ಅದೇ ವಿಧಾನವನ್ನು ಸೌರ ಪ್ಯಾನೆಲ್ಲಿಗೆ ಹೊಂದಿಸಿ ಅಮೆರಿಕದ ಎಂಐಟಿ ಸಂಸ್ಥೆ ಮತ್ತು ಜಳಗಾಂವಿನ ಜೈನ್ ಇರಿಗೇಷನ್ ಕಂಪನಿ ಸೇರಿ ರೂಪಿಸಿದ ಘಟಕಕ್ಕೆ 2015ರಲ್ಲಿ ಅಮೆರಿಕದ ಡೀಸಾಲ್ ಪ್ರಶಸ್ತಿ ಬಂದಿತು. ಅದರ ಗುರಿಯೇ ನಮ್ಮಂತಹ ಸವಳು ನೀರಿನ ಹಳ್ಳಿಗಳಾಗಿದ್ದವು.

ನನಗೆ ಇದರಲ್ಲಿ ಹಿಡಿಸುವುದು ಪೋಲು ಕಡಿಮೆ ಎಂಬ ಅಂಶ. ಒಳಗೆ ಹೋದ ನೀರಿನ ನೂರಕ್ಕೆ ಎಂಬತ್ತರಿಂದ ತೊಂಬತ್ತು ಭಾಗ ಸಿಹಿಯಾಗಿ ಬರಬಲ್ಲದು. ಆಗ ಮಾದರಿ ಊರಿಗೆ 10,000 ಲೀಟರಿನ ಬದಲು 6,000 ಲೀಟರ್ ಎತ್ತಿದರೆ ಸಾಕು. ಎತ್ತಲು 7 ಯೂನಿಟ್, ಶುದ್ಧೀಕರಣಕ್ಕೆ 5 ಯೂನಿಟ್, ಒಟ್ಟು 12. ಪ್ಯಾನೆಲ್ 3 ಕಿಲೋವ್ಯಾಟಿಗೆ ಇಳಿಯಿತು. ಉಳಿಕೆ ನೀರು ದಿನಕ್ಕೆ ಒಂದು ಸಾವಿರ ಲೀಟರ್, ಆವಿಯ ಕಟ್ಟೆ ನಾಲ್ಕು ಗುಂಟೆಯೊಳಗೆ. ಬತ್ತುತ್ತಿರುವ ಬೋರಿನಿಂದ ದಿನಕ್ಕೆ 4,000 ಲೀಟರ್ ಉಳಿಯುವುದು ಚಳ್ಳಕೆರೆಯಲ್ಲಿ ಸಣ್ಣ ಮಾತಲ್ಲ.

ತೊಡಕುಗಳೂ ಇವೆ. ನೀರು ಪೊರೆಯನ್ನು ದಾಟುವುದೇ ಇಲ್ಲವಾದ್ದರಿಂದ ರೋಗಾಣುಗಳು ನೀರಿನಲ್ಲಿಯೇ ಉಳಿಯುತ್ತವೆ; ಕ್ಲೋರಿನ್ ಅಥವಾ ಯುವಿ ದೀಪ ಬೇರೆ ಬೇಕು. ಟಿಡಿಎಸ್ ಇಳಿದಷ್ಟೇ ಫ್ಲೋರೈಡ್ ಇಳಿಯುತ್ತದೆಂದು ನಂಬುವಂತಿಲ್ಲ, ನಮ್ಮದೇ ನೀರಿನಲ್ಲಿ ಪರೀಕ್ಷಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆರ್‌ಒ ಪೊರೆ ದಾವಣಗೆರೆಯ ಅಂಗಡಿಯಲ್ಲಿ ಸಂಜೆಯೊಳಗೆ ಸಿಗುತ್ತದೆ, ರಿಪೇರಿ ಬಲ್ಲ ಹುಡುಗರು ತಾಲ್ಲೂಕಿಗೆ ನಾಲ್ಕು ಜನ ಇದ್ದಾರೆ. ಇದರ ಬಿಡಿಭಾಗಕ್ಕೆ ತಯಾರಕರನ್ನೇ ಕಾಯಬೇಕು. ಪೂರೈಕೆದಾರರು ಐದು ವರ್ಷದ ನಿರ್ವಹಣೆಯನ್ನು ಬರೆದುಕೊಡದಿದ್ದರೆ ನಾನು ಮುಂದುವರಿಯಲಾರೆ. ಅಂತಹ ಸಂದರ್ಭದಲ್ಲಿ ನೂರಕ್ಕೆ ಎಪ್ಪತ್ತು ಭಾಗ ಸಿಹಿನೀರು ಕೊಡುವಂತೆ ಎರಡು ಹಂತದ ಆರ್‌ಒ ಕೇಳುವುದು ಮಧ್ಯಮ ಮಾರ್ಗ. ಗಡಸು ನೀರಾದರೆ ಪೊರೆಗೆ ಹಕ್ಕಳೆ ಕಟ್ಟದಂತೆ ತಡೆಯುವ ರಾಸಾಯನಿಕದ ಖರ್ಚು ಜೊತೆಗೆ ಸೇರುತ್ತದೆ.

ಶಾಖದ ದೊಡ್ಡ ಘಟಕಗಳು

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಓದುಗರಲ್ಲಿ ಯಾರೂ ಇವನ್ನು ಕೊಳ್ಳುವವರಲ್ಲ. ಲಕ್ಷದ್ವೀಪದ ಕವರಟ್ಟಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕವೊಂದಿದೆ. ಸೂರ್ಯ ಬೆಚ್ಚಗಾಗಿಸಿದ ಸಮುದ್ರದ ಮೇಲ್ಪದರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದ ತಣ್ಣನೆಯ ನೀರಿನಿಂದ ತಂಪಾಗಿಸುವ ಈ ಉಪಾಯ ಸೊಗಸಾದುದು. ಆದರೆ ದಡದ ಪಕ್ಕದಲ್ಲಿಯೇ ಅಷ್ಟು ಆಳವಿರುವ ದ್ವೀಪಗಳಿಗೆ ಮಾತ್ರ ಅದು ಒಗ್ಗುತ್ತದೆ; ನಮ್ಮ ಕರಾವಳಿಯಲ್ಲಿ ಸಮುದ್ರ ಬಹುದೂರದವರೆಗೆ ಆಳವಿಲ್ಲದ್ದು. ಪಂಪುಗಳನ್ನು ಓಡಿಸುವ ವಿದ್ಯುತ್ತಿಗೆ ಬಿಸಿಲನ್ನೇ ನೆಚ್ಚಿದ ಘಟಕವೂ ಅದಲ್ಲ. ಒಮ್ಮೆ ಆವಿಯಿಂದ ಸಿಕ್ಕ ಶಾಖವನ್ನು ಮತ್ತೆ ಮತ್ತೆ ಬಳಸುವ ಬಹುಹಂತದ ಬಟ್ಟಿಗಳು ಗಾಜಿನ ಬಟ್ಟಿಗಿಂತ ಬಹಳ ಮುಂದಿವೆ, ಆದರೆ ಅವುಗಳಿಗೆ ಓದು ಬಲ್ಲ ನಿರ್ವಾಹಕರು ಸದಾ ಹತ್ತಿರವಿರಬೇಕು. ಮೀನುಗಾರರ ಕೇರಿಗೂ ಹಟ್ಟಿಗೂ ಇವು ದೂರದ ಮಾತು.

ಉಪ್ಪು ತೆಗೆಯದೆಯೇ ಆಗುವುದಾದರೆ

ಹೋಲಿಕೆ ಮಾಡುವಾಗ ಈ ಸಾಲನ್ನು ಬಿಡುವುದು ಅನ್ಯಾಯ. ನಮ್ಮ ಚಳ್ಳಕೆರೆ ಸೀಮೆ ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಆದರೂ ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿದು, 40 ಚದರ ಮೀಟರ್ ಛಾವಣಿಯಿಂದ ನೂರಕ್ಕೆ ಎಂಬತ್ತು ಭಾಗ ಹಿಡಿದರೆ 16,000 ಲೀಟರ್ ಆಗುತ್ತದೆ. ಐದು ಜನರ ಮನೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 9,000 ಲೀಟರ್. ಮಳೆ ಅರ್ಧಕ್ಕೆ ಇಳಿದ ವರ್ಷದಲ್ಲಿಯೂ 8,000 ಲೀಟರ್ ಸಿಗುತ್ತದೆ. ಈ ನೀರಿನಲ್ಲಿ ಫ್ಲೋರೈಡಿಲ್ಲ, ಉಳಿಕೆಯಿಲ್ಲ, ಎತ್ತುವ ಖರ್ಚಿಲ್ಲ. ಬೇಕಾದದ್ದು ಏಳು ತಿಂಗಳ ಬೇಸಿಗೆಯನ್ನು ದಾಟಿಸಲು ಐದಾರು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಕವಲು, ಮತ್ತು ಕಾಯಿಸಿ ಕುಡಿಯುವ ಅಭ್ಯಾಸ. ಹುಲ್ಲಿನ ಗುಡಿಸಲಿಗೆ, ಕಲ್ನಾರು ತಗಡಿನ ಮನೆಗೆ ಇದು ಹೊಂದುವುದಿಲ್ಲ. ಆರ್‌ಸಿಸಿ ಛಾವಣಿಯ ಶಾಲೆ, ಸಮುದಾಯ ಭವನಗಳಿಗೆ ಇದಕ್ಕಿಂತ ಮೇಲಾದದ್ದು ನನಗೆ ಕಂಡಿಲ್ಲ. ಕರಾವಳಿಯಲ್ಲಂತೂ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಅಲ್ಲಿನ ಕೊರತೆ ಎರಡು ಮೂರು ತಿಂಗಳದ್ದು ಮಾತ್ರ. ಸಮುದ್ರದ ಆರ್‌ಒಗೆ ಕೈ ಹಾಕುವ ಮೊದಲು ಆ ತಿಂಗಳುಗಳಿಗೆ ತೊಟ್ಟಿ ಸಾಕಾಗುವುದೇ ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಟಿಡಿಎಸ್ ಸಹಿಸುವಷ್ಟಿದ್ದು ಫ್ಲೋರೈಡ್ ಮಾತ್ರ ಹೆಚ್ಚಿದ್ದರೆ ಆರ್‌ಒ ಬೇಕಿಲ್ಲ. ಸುಣ್ಣ ಮತ್ತು ಪಟಿಕ ಬೆರೆಸಿ ತಿಳಿಗೊಳಿಸುವ ನಲ್ಗೊಂಡ ವಿಧಾನ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಸೋಸುಕ ಸಾಕು. ಇವು ಉಪ್ಪನ್ನು ಇಳಿಸುವುದಿಲ್ಲ ಎಂಬುದು ನೆನಪಿರಲಿ. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದಿಂದ ನೀರು ಬರುವಂತೆ ನಿಮ್ಮೂರಿಗೂ ಕೊಳವೆ ನೀರು ಒಂದೆರಡು ವರ್ಷದಲ್ಲಿ ಬರುವುದು ಖಚಿತವಾಗಿದ್ದರೆ, ಹತ್ತು ವರ್ಷದ ಲೆಕ್ಕ ಹಾಕಿ ದೊಡ್ಡ ಘಟಕ ಕೊಳ್ಳಬೇಡಿ.

ಯಾರಿಗೆ ಯಾವುದು

ಹತ್ತು ಮನೆಯೊಳಗಿನ, ಕರೆಂಟಿಲ್ಲದ ರೊಪ್ಪಕ್ಕೆ ನಾನು ಮಳೆತೊಟ್ಟಿಯ ಜೊತೆಗೆ ಮನೆಗೆ ಎರಡು ಚದರ ಮೀಟರಿನ ಗಾಜಿನ ಬಟ್ಟಿಯನ್ನು ಹೇಳುತ್ತೇನೆ. ದಿನಕ್ಕೆ ಆರು ಲೀಟರ್ ಮಕ್ಕಳ ಮತ್ತು ಬಸುರಿಯರ ಕುಡಿಯುವ ನೀರಿಗಾದೀತು, ತೊಟ್ಟಿ ಬರಿದಾದ ತಿಂಗಳುಗಳಲ್ಲಿ ಮನೆಯನ್ನೂ ಕಾಯ್ದೀತು. ಬಟ್ಟಿಯ ನೀರು ಸಪ್ಪೆ ಎಂದು ಅಜ್ಜಿಯರು ದೂರುತ್ತಾರೆ. ಆ ದೂರು ನಿಜವೂ ಹೌದು, ಅದರಲ್ಲಿ ಖನಿಜವೇ ಇರುವುದಿಲ್ಲ.

ಸಾವಿರ ಜನರ, ಕರೆಂಟಿರುವ, ಬೋರು ಕ್ಷೀಣಿಸುತ್ತಿರುವ ಊರಿಗೆ ಪೋಲು ಕಡಿಮೆಯಿರುವುದೇ ಮೊದಲ ಷರತ್ತು. ನಿರ್ವಹಣೆಯ ಕರಾರು ಸಿಕ್ಕರೆ ಎಲೆಕ್ಟ್ರೋಡಯಾಲಿಸಿಸ್, ಸಿಗದಿದ್ದರೆ ಎರಡು ಹಂತದ ಆರ್‌ಒ. ಬಂಡವಾಳ ಲಕ್ಷಗಳಲ್ಲಿದ್ದರೂ ಇಪ್ಪತ್ತು ಲೀಟರ್ ಕ್ಯಾನಿಗೆ ಐದು ರೂಪಾಯಿಯಂತೆ ದಿನಕ್ಕೆ 5,000 ಲೀಟರ್ ಹೋದರೆ 1,250 ರೂಪಾಯಿ ಕೂಡುತ್ತದೆ. ನೀರುಗಂಟಿಯ ಸಂಬಳ ಕಳೆದು ಉಳಿದದ್ದನ್ನು ಪೊರೆಗೆಂದು ಬೇರೆ ಖಾತೆಯಲ್ಲಿ ಇಡದ ಪಂಚಾಯಿತಿಗೆ ನಾನು ಯಾವ ಘಟಕವನ್ನೂ ಹೇಳಲಾರೆ. ಆರ್‌ಒ ನೀರು ತೀರ ತೆಳುವೆನಿಸಿದರೆ ಐದರಲ್ಲಿ ಒಂದು ಪಾಲು ಬೋರಿನ ನೀರು ಬೆರೆಸಬಹುದು. ಬೋರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡಿದ್ದರೂ ಬೆರಕೆಯಲ್ಲಿ 1ರ ಒಳಗೇ ಉಳಿಯುತ್ತದೆ, ಆದರೆ ಬೋರಿನ ನೀರನ್ನು ಕ್ಲೋರಿನ್ ಹಾಕಿಯೇ ಬೆರೆಸಬೇಕು.

ಕರಾವಳಿಯ ಹುಡುಗನಿಗೆ ನಾನು ಬರೆದದ್ದು ಇಷ್ಟು. ಕೇರಿಯಲ್ಲಿ ಎಂಬತ್ತು ಮನೆಗಳಿವೆ, ಕೊರತೆ ಏಪ್ರಿಲಿನಿಂದ ಜೂನ್ ಮೊದಲ ವಾರದವರೆಗೆ. ದಿನಕ್ಕೆ ಎರಡು ಸಾವಿರ ಲೀಟರಿನಂತೆ ಎಪ್ಪತ್ತು ದಿನಕ್ಕೆ ಒಂದು ಲಕ್ಷ ನಲವತ್ತು ಸಾವಿರ ಲೀಟರ್. ಅಷ್ಟು ದೊಡ್ಡ ತೊಟ್ಟಿಗೆ ಮರಳು ನೆಲದಲ್ಲಿ ಜಾಗವಿದ್ದರೆ ಅದನ್ನೇ ಕಟ್ಟಿಸು, ಹತ್ತು ತಿಂಗಳು ಸುಮ್ಮನೆ ಕೂರುವ ಆರ್‌ಒ ಪೊರೆ ಕೆಡುತ್ತದೆ. ಜಾಗವಿಲ್ಲದಿದ್ದರೆ ಸಮುದ್ರದ ನೀರಿಗೆಂದೇ ಮಾಡಿದ ಪೊರೆ, ಒತ್ತಡ ಮರುಬಳಕೆಯ ಸಾಧನ, ದಡದ ಬಾವಿ ಈ ಮೂರೂ ಇರುವ ದರಪಟ್ಟಿಯನ್ನು ಮಾತ್ರ ಮುಂದಿಟ್ಟುಕೋ; ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ಓಡಿಸಲು ಕೇರಿಯಲ್ಲಿ ಒಬ್ಬರನ್ನು ಗೊತ್ತುಮಾಡು.

ಇನ್ನು ದರಪಟ್ಟಿ ಕೊಡುವವರಿಂದ ಮೂರು ಅಂಕಿಗಳನ್ನು ಬರಹದಲ್ಲಿ ಕೇಳಿ: ಒಳಗೆ ಬಂದ ನೂರು ಲೀಟರಿಗೆ ಎಷ್ಟು ಲೀಟರ್ ಸಿಹಿನೀರು, ನೀರೆತ್ತುವುದನ್ನೂ ಸೇರಿಸಿ ಸಾವಿರ ಲೀಟರಿಗೆ ಎಷ್ಟು ಯೂನಿಟ್, ಐದು ವರ್ಷದಲ್ಲಿ ಪೊರೆ ಎಷ್ಟು ಬಾರಿ ಬದಲಾಗುತ್ತದೆ ಮತ್ತು ಅದರ ಹಣ ಯಾರದು. ಅವರಿಗೆ ಕೊಡುವ ನೀರಿನ ಮಾದರಿಯನ್ನು ಮಳೆಗಾಲ ಮುಗಿದ ಮೇಲೆ ತೆಗೆಯಬೇಡಿ. ಬೋರಿನ ನೀರು ಕೆಳಕ್ಕಿಳಿದು ಉಪ್ಪೂ ಫ್ಲೋರೈಡೂ ಗಟ್ಟಿಯಾಗಿರುವ ಮೇ ತಿಂಗಳಲ್ಲಿ, ಪಂಪನ್ನು ಅರ್ಧ ಗಂಟೆ ಓಡಿಸಿದ ಮೇಲೆ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಂಠದವರೆಗೆ ತುಂಬಿ ಕಳುಹಿಸಿ.